ಹುಣಸೆ ಬರಲಿನ ಕುದುರೆಗಳು

ಮೊಮ್ಮಗನ ಮಗಳಿಗೆ ಮೊನ್ನೆ ಮೂರು ತುಂಬಿತು. ಯಾರೋ ಉಡುಗೊರೆ ಕೊಟ್ಟ ಆಟಿಕೆಯ ಡಬ್ಬಿಯೊಂದು ನನ್ನ ಮಂಚದ ಮೇಲೆ ಬಂದು ಕೂತಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು ಅದರ ಮೈಮೇಲೆ ಬರೆದದ್ದನ್ನೆಲ್ಲ ಓದಿದೆ. ಈ ಆಟಿಕೆಯಿಂದ ಮಗುವಿನ ಬೆರಳುಗಳಿಗೆ ಹಿಡಿತ ಬರುತ್ತದಂತೆ, ಬಣ್ಣಗಳ ಗುರುತು ಸಿಗುತ್ತದಂತೆ, ಎಣಿಕೆ ಬರುತ್ತದಂತೆ, ಬುದ್ಧಿ ಚುರುಕಾಗಿ ಮುಂದೆ ಗಣಿತ ಸುಲಭವಾಗುತ್ತದಂತೆ. ಡಬ್ಬಿಯ ಎಲ್ಲ ಮಗ್ಗುಲನ್ನೂ ತಿರುವಿ ನೋಡಿದೆ. ಮಗುವಿಗೆ ಖುಷಿಯಾಗುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಔಷಧದ ಸೀಸೆಯ ಚೀಟಿ ಓದಿದ ಹಾಗಾಯಿತು.

ಮಗು ಮಾತ್ರ ಒಳಗಿನ ಸಾಮಾನನ್ನೆಲ್ಲ ಮಂಚದ ಕೆಳಗೆ ದಬ್ಬಿ, ಡಬ್ಬಿಯ ಮುಚ್ಚಳವನ್ನು ನನ್ನ ತಲೆಗೆ ಹಾಕಿ, "ಅಮ್ಮ, ನೀ ಪೊಲೀಸ್" ಅಂದಳು. ಬದುಕಿಡೀ ಸರ್ಕಾರಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು ನಾನು. ನೌಕರಿಯಲ್ಲಿ ಸಿಗದ ಬಡ್ತಿ ಮಂಚದ ಮೇಲೆ ಕೂತಲ್ಲೇ ಸಿಕ್ಕಿತಲ್ಲ ಎಂದು ಮರುಮಾತಿಲ್ಲದೆ ಒಪ್ಪಿಕೊಂಡೆ. ಅಷ್ಟರಲ್ಲಿ ಮೊಮ್ಮಗನ ಹೆಂಡತಿ ಬಂದು ಮಂಚದ ಕೆಳಗಿನ ಸಾಮಾನು ಆರಿಸತೊಡಗಿದಳು.

"ಈಗಿನ ಸಾಲ್ಯಾಗ ಎಲ್ಲಾ ಆಟದ ಮೂಲಕನ ಕಲಸ್ತಾರಮ್ಮ. ಅದಕ್ಕ ಇಂಥವು ಬೇಕಾಗ್ತಾವ" ಅಂದಳು.

"ಏನೂ ಕಲಸದ ಬರೇ ಆಡಸೋ ಸಾಲಿ ಇಲ್ಲೇನವಾ?"

"ಬರೇ ಆಡಸಾಕ ಸಾಲಿ ಯಾಕ ಬೇಕಮ್ಮ?" ಎಂದು ನಕ್ಕು ಒಳಗೆ ಹೋದಳು.

ನನಗೆ ಸಿಟ್ಟು ಬಂತು. ನನ್ನ ವಯಸ್ಸಿನಲ್ಲಿ ಸಿಟ್ಟು ಬಂದರೆ ಮನೆಯವರು ರಕ್ತದೊತ್ತಡದ ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗಿದೆ. ಸಿಟ್ಟನ್ನು ಹಾಗೆಯೇ ಇಟ್ಟುಕೊಂಡು ನಿಮ್ಮ ಮುಂದೆ ಬಂದು ಕೂತಿದ್ದೇನೆ. ನೀವೂ ನಗಬಹುದು, ಆದರೆ ನಿಮ್ಮ ನಗು ನನಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ನಾವು ದೇವದುರ್ಗದ ಕಡೆಯ ಮಸರಕಲ್ಲಿನವರು, ಕುರಿ ಮಂದಿ. ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಸಂಜೆ ಮರಿಗಳನ್ನು ದೊಡ್ಡಿಗೆ ಕೂಡುವ ಮೊದಲು ಕೋಲಿಗೆ ಗದ್ದ ಊರಿ ಸುಮ್ಮನೆ ನಿಂತು ನೋಡುತ್ತಿದ್ದ. ಹೊತ್ತು ಇಳಿಯುವಾಗ ಕುರಿಮರಿಗಳಿಗೆ ಏನಾಗುತ್ತದೋ, ನಾಲ್ಕೂ ಕಾಲನ್ನು ಒಮ್ಮೆಗೇ ನೆಲದಿಂದ ಕಿತ್ತು ಮೇಲಕ್ಕೆ ಜಿಗಿಯುತ್ತವೆ, ಗಾಳಿಯಲ್ಲೇ ಮೈ ಹೊರಳಿಸುತ್ತವೆ, ಇಳಿದು ಮತ್ತೆ ಜಿಗಿಯುತ್ತವೆ. ಅಲ್ಲಿ ಮೇವೂ ಇಲ್ಲ, ತೋಳವೂ ಇಲ್ಲ. ಯಾವುದಾದರೂ ಒಂದು ಮರಿ ಜಿಗಿಯದೆ ಮೂಲೆಯಲ್ಲಿ ನಿಂತರೆ ಮುತ್ಯಾ ಹೋಗಿ ಅದರ ಕಿವಿ ಮುಟ್ಟಿ ನೋಡುತ್ತಿದ್ದ. "ಇದು ಆಡವಲ್ದು, ಮೈಯಾಗ ಏನೋ ಅದ" ಎಂದು ಅದಕ್ಕೆ ಬೇರೆ ಆರೈಕೆ ಮಾಡುತ್ತಿದ್ದ. ಆಡದೆ ಮೂಲೆಯಲ್ಲಿ ಕೂತ ಮಗುವನ್ನು ಶಾಣ್ಯಾ ಕೂಸು ಎಂದು ಹೊಗಳುವ ರೂಢಿಯನ್ನು ನಾನು ರಾಯಚೂರಿಗೆ ಬಂದ ಮೇಲೆ ಕಂಡೆ.

ರಾಯಚೂರಿಗೆ ಬಂದದ್ದು ನನಗೆ ನಾಲ್ಕೋ ಐದೋ ಇದ್ದಾಗ. ಆಗ ನಮ್ಮದು ನಿಜಾಮರ ಸೀಮೆ. ಕುರಿಯನ್ನೆಲ್ಲ ದೊಡ್ಡಪ್ಪನಿಗೆ ಬಿಟ್ಟು ಅಪ್ಪ ಸ್ಟೇಷನ್ನಿನ ಮಾಲು ಇಳಿಸುವ ಹಮಾಲಿಗೆ ಸೇರಿದ. ಅವ್ವ ಹತ್ತಿ ಜಿನ್ನಿಗೆ ಹೋಗತೊಡಗಿದಳು. ಹತ್ತಿಯಲ್ಲಿನ ಕಸ, ಎಲೆಪುಡಿ ಆರಿಸಿ ಯಂತ್ರಕ್ಕೆ ಕೊಡುವ ಕೆಲಸ. ಸಂಜೆ ಮನೆಗೆ ಬರುವಾಗ ಅವಳ ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬೆಳ್ಳಗಿರುತ್ತಿದ್ದವು. ಮೊದಲ ದಿನ ನಾನು ಅವಳನ್ನು ಗುರುತಿಸದೆ, ಯಾರೋ ಮುದುಕಿ ಬಂದಿದ್ದಾಳೆಂದು ಬಾಗಿಲು ಹಾಕಿಕೊಂಡಿದ್ದೆ. ಅವ್ವ ಹೊರಗೆ ನಿಂತು ಬೈದ ಬೈಗುಳ ಮಾತ್ರ ಮಸರಕಲ್ಲಿನವೇ ಆಗಿದ್ದರಿಂದ ತೆಗೆದೆ.

ಜಿನ್ನಿನಲ್ಲಿ ದುಡಿಯುವ ಹೆಣ್ಣುಮಕ್ಕಳೆಲ್ಲ ಮಾನ್ವಿ, ದೇವದುರ್ಗ, ಸಿರವಾರದ ಕಡೆಯಿಂದ ಬಂದವರು. ಮನೆಯಲ್ಲಿ ಕೂಸು ನೋಡಿಕೊಳ್ಳುವ ಮುದುಕಿಯರನ್ನು ಊರಲ್ಲೇ ಬಿಟ್ಟು ಬಂದಿದ್ದರಿಂದ ಮಕ್ಕಳನ್ನು ಜೊತೆಗೇ ತಂದು ಹತ್ತಿಯ ರಾಶಿಯ ಪಕ್ಕ ಮಲಗಿಸುತ್ತಿದ್ದರು. ಒಂದು ದಿನ ಒಂದು ಕೂಸು ಅಂಬೆಗಾಲಿಟ್ಟು ಯಂತ್ರದ ಪಟ್ಟೆಯ ಹತ್ತಿರ ಹೋಯಿತು. ಯಾರೋ ನೋಡಿ ಎಳೆದುಕೊಂಡರು, ಏನೂ ಆಗಲಿಲ್ಲ. ಆದರೆ ಜಿನ್ನಿನ ಸಾವ್ಕಾರರು ಹೆದರಿದರು. ರಸ್ತೆಯ ಆಚೆ ಬದಿಗೆ ಖಾಲಿ ಬಿದ್ದಿದ್ದ ಹತ್ತಿಯ ಗೋದಾಮನ್ನು ಗುಡಿಸಿ, ಸಣ್ಣ ಮಕ್ಕಳಿಗೆ ಅಲ್ಲೊಂದು ಶಾಲೆ ಎಂದು ಮಾಡಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೂ ಸುಲಭವಾಗುತ್ತಿತ್ತು.

ಶಾಲೆಯಲ್ಲಿ ಕಲಿಸುವ ಅಕ್ಕೋರನ್ನು ಸಾವ್ಕಾರರು ಮಾನ್ವಿಯಿಂದ ಕರೆಸಿದರು. ಹೆಸರು ರಾಚಮ್ಮ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದವರು. ಅವರ ತಂದೆ ಮಾನ್ವಿಯಲ್ಲಿ ಹಳೆಯ ಕಾಲದ ಗಾಂವಠಿ ಶಾಲೆ ನಡೆಸಿದ ಐಗಳು, ಅಂದರೆ ಊರ ಮಾಸ್ತರರು. ಅಂಥವರ ಮಗಳು ಎಂದಮೇಲೆ ಶಿಸ್ತು ರಕ್ತದಲ್ಲೇ ಇರುತ್ತದೆ ಎಂಬುದು ಸಾವ್ಕಾರರ ಲೆಕ್ಕ. ಗೋದಾಮಿಗೆ ಅಂಟಿಕೊಂಡಿದ್ದ ಸಣ್ಣ ಕೋಣೆಯನ್ನೇ ಅವರಿಗೆ ಇರಲು ಕೊಟ್ಟರು.

ಆಗಿನ ಒಂದು ಪದ್ಧತಿ ನಿಮಗೆ ಹೇಳಬೇಕು. ಮಗುವನ್ನು ಮೊದಲ ಸಲ ಶಾಲೆಗೆ ಹಾಕುವಾಗ ತಾಯಿಯೋ ತಂದೆಯೋ ಒಂದು ಹುಣಸೆ ಬರಲನ್ನು ಜೊತೆಗೆ ಒಯ್ಯಬೇಕು. ಎಲೆ ಸವರಿ, ಗಂಟು ಕೆತ್ತಿ ನುಣ್ಣಗೆ ಮಾಡಿದ, ಹೊಡೆಯುವ ಕೋಲು. ಅದನ್ನು ಮಾಸ್ತರರ ಕೈಗೆ ಕೊಟ್ಟು, ಕಣ್ಣೆರಡನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮದು ಎಂದು ಹೇಳಬೇಕು. ಅಲ್ಲಿಂದಾಚೆ ಮಗುವಿನ ಕಣ್ಣು ಮಾತ್ರ ತಾಯ್ತಂದೆಗಳದು, ಮೈ ಮಾಸ್ತರರದು. ಇದನ್ನು ಕ್ರೌರ್ಯ ಎಂದು ಯಾರೂ ತಿಳಿದಿರಲಿಲ್ಲ. ಪ್ರೀತಿ ಇದ್ದವರೇ ಹೆಚ್ಚು ನುಣ್ಣನೆಯ ಬರಲು ಕೆತ್ತುತ್ತಿದ್ದರು.

ನನ್ನ ಅವ್ವನಿಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತು. ಹೀಗಾಗಿ ನನ್ನ ಬರಲು ನನಗಿಂತ ಉದ್ದವಿತ್ತು.

"ತಗೋರಿ ಅಕ್ಕೋರ. ಕಣ್ಣೆರಡು ಬಿಟ್ಟು ಉಳದಿದ್ದೆಲ್ಲಾ ನಿಮ್ದ್ರಿ" ಎಂದು ಅವ್ವ ಕೊಟ್ಟಳು.

ರಾಚಮ್ಮ ಅಕ್ಕೋರು ಎತ್ತರದ ಹೆಂಗಸು. ಬರಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ, ಬಿಟ್ಟು, ಅದು ಚಟ್ಟೆಂದದ್ದನ್ನು ಕೇಳಿ ತಲೆದೂಗಿದರು. ನಾನು ಅವ್ವನ ಸೀರೆಯೊಳಗೆ ಹೊಕ್ಕೆ. ಅಕ್ಕೋರು ಕುಕ್ಕರಗಾಲಲ್ಲಿ ಕೂತು ಅದನ್ನು ನನ್ನ ಮುಂದೆ ಹಿಡಿದರು.

"ಇದು ಏನದ?"

"ಬರಲ್ರಿ" ಅಂದೆ.

"ಅಲ್ಲ. ನೆಟ್ಟಗ ನೋಡು. ಕುದುರಿ ಅದ. ನಾಕು ದಿನದಿಂದ ಹುಲ್ಲು ತಿಂದಿಲ್ಲ, ಅದಕ್ಕ ಹಿಂಗ ಸೊರಗ್ಯದ. ಹೆಸರೇನು ಇಡ್ತಿ?"

ನನಗೆ ಆಗ ಗೊತ್ತಿದ್ದ ಪ್ರಾಣಿಯ ಹೆಸರು ಒಂದೇ, ಮಸರಕಲ್ಲಿನ ನಮ್ಮ ಕುರಿನಾಯಿಯದು. "ಕರಿಯಾ" ಅಂದೆ. ಹಾಗೆ ನಾಯಿಯ ಹೆಸರಿನ ಕುದುರೆ ಹತ್ತಿ ನನ್ನ ವಿದ್ಯಾಭ್ಯಾಸ ಶುರುವಾಯಿತು. ಗೋದಾಮಿನೊಳಗೆ ಆಗಲೇ ಹತ್ತಾರು ಕುದುರೆಗಳು ಓಡಾಡುತ್ತಿದ್ದವು. ಅಷ್ಟು ತಾಯಂದಿರು ಅಷ್ಟು ಪ್ರೀತಿಯಿಂದ ಕೆತ್ತಿದ್ದ ಬರಲುಗಳು. ಅವ್ವ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿ ಜಿನ್ನಿಗೆ ಹೋದಳು. ಸಂಜೆ ಅಪ್ಪನ ಮುಂದೆ, "ಸಾವ್ಕಾರ್ರು ಎಂಥಾ ಹುಚ್ಚೀನ ತಂದಿಟ್ಟಾರೋ ಏನೋ" ಅಂದಳು.

ರಾಚಮ್ಮ ಅಕ್ಕೋರು ನಮಗೆ ಏನು ಕಲಿಸಿದರು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅವರು ನಮಗೆ ಏನೂ ಕಲಿಸಲಿಲ್ಲ. ಕಲ್ಲಾಟ ಆಡುವಾಗ ಅವರೂ ನಮ್ಮೊಡನೆ ನೆಲಕ್ಕೆ ಕೂತು ಆಡುತ್ತಿದ್ದರು, ಮತ್ತು ಮೋಸ ಮಾಡುತ್ತಿದ್ದರು. ಬಿದ್ದ ಕಲ್ಲನ್ನು ಸೆರಗಿನಡಿ ಸರಿಸಿ, "ನಂದೆಲ್ಲಿ ಬಿತ್ತು?" ಎಂದು ನಮ್ಮ ಮೇಲೇ ಜಗಳಕ್ಕೆ ಬರುತ್ತಿದ್ದರು. ನನ್ನ ಜೊತೆಗಾರ ಮೌನೇಶ, ಮಾತು ಕಡಿಮೆಯ ಹುಡುಗ, ಒಮ್ಮೆ ಎದ್ದು ನಿಂತು "ನೀವು ಸುಳ್ಳ ಆಡ್ತೀರಿ, ನಾ ನಿಮ್ಮ ಕೂಡ ಠೂ" ಎಂದು ಸಾರಿದ. ಅಕ್ಕೋರು ನಿಜವಾಗಿಯೂ ಮುಖ ಊದಿಸಿಕೊಂಡು ಬುತ್ತಿ ಉಣ್ಣುವ ಹೊತ್ತಿನವರೆಗೆ ಅವನೊಡನೆ ಮಾತು ಬಿಟ್ಟರು. ದೊಡ್ಡವರು ಮಕ್ಕಳನ್ನು ಆಡಿಸುವುದು ಬೇರೆ, ತಾವೇ ಆಡುವುದು ಬೇರೆ. ಮಕ್ಕಳಿಗೆ ಆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಆಮ್ ತಲಾಬ್ ಕೆರೆಯ ದಂಡೆಯಿಂದ ಬುಟ್ಟಿ ತುಂಬ ಮಣ್ಣು ತರಿಸಿ ಒಂದು ಸಲ ಎತ್ತು ಮಾಡಲು ಕೂತೆವು. ಮಣ್ಣೆತ್ತಿನ ಅಮಾವಾಸ್ಯೆ ಇನ್ನೂ ಎಷ್ಟೋ ದೂರವಿತ್ತು. ಹಬ್ಬವಿಲ್ಲದೆ ಮಣ್ಣೆತ್ತು ಮಾಡಬಾರದೆಂದು ದಾರಿಯಲ್ಲಿ ಹೋಗುತ್ತಿದ್ದವಳೊಬ್ಬಳು ನಿಂತು ಬುದ್ಧಿ ಹೇಳಿದಳು. "ಎತ್ತಿಗೇನು ಹಬ್ಬ ಗೊತ್ತದೇನವಾ?" ಎಂದು ಅಕ್ಕೋರು ತಮ್ಮ ಎತ್ತಿಗೆ ಕೋಡು ಹಚ್ಚುತ್ತಲೇ ಕೇಳಿದರು. ನನ್ನ ಎತ್ತಿಗೆ ಐದು ಕಾಲು ಬಂದಿದ್ದವು. ನಾಲ್ಕರ ಮೇಲೆ ಅದು ನಿಲ್ಲಲಿಲ್ಲ, ಅದಕ್ಕೇ ಹೊಟ್ಟೆಯ ಕೆಳಗೆ ಇನ್ನೊಂದು ಕೊಟ್ಟಿದ್ದೆ. ಅಕ್ಕೋರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಓಡ್ತದೇನು ಇದು?"

"ಓಡ್ತದ್ರಿ."

"ಹಂಗಾದ್ರ ಸರಿ ಅದ."

ಕಾಲು ಎಣಿಸಲಿಲ್ಲ. ಇವತ್ತಿನ ಯಾವ ಶಾಲೆಯಾದರೂ ಆ ಐದನೇ ಕಾಲನ್ನು ಬಿಡುತ್ತಿತ್ತೆ? ಎಣಿಸು ಎನ್ನುತ್ತಿತ್ತು, ಬಣ್ಣ ಹೇಳು ಎನ್ನುತ್ತಿತ್ತು, ಎತ್ತಿನ ಉಪಯೋಗ ಹೇಳು ಎನ್ನುತ್ತಿತ್ತು. ಅಷ್ಟು ಹೊತ್ತಿಗೆ ಎತ್ತು ಸತ್ತೇ ಹೋಗುತ್ತಿತ್ತು.

ನಮ್ಮ ದೊಡ್ಡ ಆಟ ಮಾತ್ರ ಹೊಳೆಯದು. ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ ಸುಣ್ಣದ ನೀರಿನಿಂದ ಎರಡು ಗೆರೆ ಎಳೆದು ಅದನ್ನು ಕೃಷ್ಣಾ ಹೊಳೆ ಮಾಡಿದ್ದೆವು. ದೇವದುರ್ಗದ ಕಡೆಯ ಮಕ್ಕಳಿಗೆ ಹೊಳೆ ಗೊತ್ತು, ಹರಿಗೋಲು ಗೊತ್ತು. ತಳ ಹರಿದ ದೊಡ್ಡ ಬುಟ್ಟಿಯೊಂದು ನಮ್ಮ ಹರಿಗೋಲು. ಅದರೊಳಗೆ ಇಬ್ಬರು ನಿಂತು, ಬುಟ್ಟಿಯ ಕಂಠ ಹಿಡಿದು ಹೆಜ್ಜೆ ಹಾಕುತ್ತ ಆಚೆ ದಂಡೆಗೆ ದಾಟಬೇಕು. ಕುದುರೆಗಳು ಈಸಿ ಬರಬೇಕು. ದಾರಿ ತಪ್ಪಿ ಗೆರೆಯೊಳಗೆ ಕಾಲಿಟ್ಟವರು ಮುಳುಗಿದ ಹಾಗೆ, ಯಾರಾದರೂ ಕೈ ಕೊಟ್ಟು ಎಳೆಯುವವರೆಗೆ ಅಲ್ಲೇ ಇರಬೇಕು. ಆಟಕ್ಕೆ ಒಂದೇ ಕಾಯ್ದೆ. ಮುಳುಗಿದವರನ್ನು ಎಳೆಯದೆ ಮುಂದೆ ಹೋಗುವ ಹಾಗಿಲ್ಲ. ಅದನ್ನು ಮಾಡಿದ್ದು ಅಕ್ಕೋರಲ್ಲ, ನಾವೇ. ಒಮ್ಮೆ ಮೌನೇಶ ಮುಳುಗಿ ಕೂತವನು ಅಲ್ಲೇ ನಿದ್ದೆ ಹೋಗಿಬಿಟ್ಟ. ಅವನನ್ನು ಎಳೆಯಲಿಕ್ಕೆ ಆಗದೆ ಇಡೀ ಶಾಲೆ ಆಚೆ ದಂಡೆಯಲ್ಲಿ ಕಾಯುತ್ತ ಕೂತಿತು.

ಇಷ್ಟೊಂದು ಸುಖ ಯಾರ ಕಿವಿಗೂ ಬೀಳದೆ ಇರುವುದಿಲ್ಲ. ಆ ಕಾಲದಲ್ಲಿ ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬೀದಿಯಲ್ಲಿ ನಿಂತೇ ತೀರ್ಮಾನಿಸುತ್ತಿದ್ದರು. ಒಳಗಿನಿಂದ ಮಗ್ಗಿ ಹೇಳುವ ಸದ್ದು ಗಟ್ಟಿಯಾಗಿ ಕೇಳಿದರೆ ಒಳ್ಳೆಯ ಶಾಲೆ, ನಡುನಡುವೆ ಅಳು ಕೇಳಿದರೆ ಇನ್ನೂ ಒಳ್ಳೆಯ ಶಾಲೆ. ನಮ್ಮ ಗೋದಾಮಿನಿಂದ ಕುದುರೆ ಕೆನೆಯುವುದು ಕೇಳುತ್ತಿತ್ತು. ಸಾವ್ಕಾರರು ಒಂದು ಮುಂಜಾನೆ ಬಂದು ಬಾಗಿಲಲ್ಲಿ ನಿಂತರು. ನಾವು ಅವರ ಕಾಲಿನ ಸಂದಿಯಿಂದ ಕುದುರೆ ಓಡಿಸಿದೆವು.

"ರಾಚಮ್ಮ, ಇದೇನು ನಡಿಸೀರಿ?"

"ಹುಡುಗ್ರು ಆಡಾಕತ್ತಾರ್ರಿ."

"ಅದು ಕಾಣ್ತದ. ಸಾಲಿ ಯಾವಾಗ?"

"ಇವಕ್ಕ ಇನ್ನೂ ಹಾಲಹಲ್ಲು ಬಿದ್ದಿಲ್ರಿ. ಬಿದ್ದಮ್ಯಾಲ ಓದು ಯಾರರ ಕಲಸ್ಲಿ."

ಸಾವ್ಕಾರರು ಅಂಗಿಯ ಕಾಲರನ್ನು ಹಿಂದಕ್ಕೆ ಜಗ್ಗಿ ಬೆನ್ನು ತೋರಿಸಿದರು. "ನೋಡ್ರಿ. ನಿಮ್ಮಪ್ಪನಂಥಾ ಐಗಳೊಬ್ರು ಹೊಡದ ಗೆರಿ ಇನ್ನೂ ಅದಾವ. ಅದಕ್ಕ ನಾ ಇವತ್ತು ಸಾವ್ಕಾರ ಆಗೀನಿ." ನಮ್ಮೆಲ್ಲರಿಗೂ ಆ ಗೆರೆ ನೋಡಬೇಕೆನಿಸಿ ನೂಕಾಡಿದೆವು. ಅಕ್ಕೋರೂ ಬಗ್ಗಿ ನೋಡಿ, "ಪಾಪ, ಬಹಳ ನೊಂದಿರಬೇಕು" ಅಂದರು. ಸಾವ್ಕಾರರು ಅಂಗಿ ಸರಿಮಾಡಿಕೊಂಡರು. ಅವರು ಕಾಯುತ್ತಿದ್ದ ಉತ್ತರ ಅದಲ್ಲ.

ಮುಂದಿನ ಶುಕ್ರವಾರ ತಾವು ನಾಲ್ಕು ಮಂದಿ ಹಿರಿಯರನ್ನು ಕರೆತರುವುದಾಗಿಯೂ, ಮಕ್ಕಳು ಕನಿಷ್ಠ ಎರಡರ ಮಗ್ಗಿಯನ್ನಾದರೂ ಒಪ್ಪಿಸಬೇಕೆಂದೂ ಹೇಳಿದರು. ಇಲ್ಲದಿದ್ದರೆ ದೇವದುರ್ಗದಿಂದ ಒಬ್ಬ ಮಾಸ್ತರನನ್ನು ಗೊತ್ತು ಮಾಡಿದ್ದಾಗಿದೆ, ಕೋಣೆಯನ್ನು ಅವನಿಗೆ ಬಿಟ್ಟುಕೊಡಬೇಕಾಗುತ್ತದೆ ಎಂದರು.

ಅಕ್ಕೋರಿಗೆ ಆ ಕೋಣೆ ಬಿಟ್ಟರೆ ಇದ್ದದ್ದು ಮಾನ್ವಿಯ ಅಣ್ಣನ ಮನೆ. ಅಲ್ಲಿ ಅವರು ಹೇಗಿದ್ದರು ಎಂಬುದನ್ನು ತಾಯಂದಿರು ಅಷ್ಟಿಷ್ಟು ಕೇಳಿದ್ದರು. ಅತ್ತಿಗೆ ಅಳೆದು ಹಿಟ್ಟು ಕೊಡುವ ಮನೆ ಅದು. ಹೀಗಾಗಿ ಆ ಸಂಜೆ ಅವ್ವ ನನ್ನನ್ನು ಕರೆದುಕೊಂಡು ಹೋಗಲು ಬಂದವಳು ಹೊಸ್ತಿಲಲ್ಲೇ ಕೂತಳು.

"ಅಕ್ಕೋರ, ಎರಡರ ಮಗ್ಗಿ ಒಂದು ಕಲಿಸಿಬಿಡ್ರಿ. ಏಟೊತ್ತಿನ ಕೆಲಸ ಅದು. ನಿಮಗ ಮನಿ ಉಳೀತದ, ನಮಗೂ ಹುಡುಗ್ರು ನಾಕು ಅಕ್ಷರ ಕಲ್ತ್ರ ಜಿನ್ನಿನ ಹತ್ತಿ ತಪ್ಪತದ."

"ನಮ್ಮಪ್ಪ ಮಾನ್ವ್ಯಾಗ ಸಾಲಿ ನಡಸ್ತಿದ್ದ" ಅಂದರು ಅಕ್ಕೋರು. "ತೊಲಿಗೆ ಹಗ್ಗ ಕಟ್ಟಿದ್ದ. ಮಗ್ಗಿ ತಪ್ಪಿದ ಹುಡುಗ ಆ ಹಗ್ಗಕ್ಕ ಜೋತಾಡಬೇಕು, ಕೋದಂಡ ಅಂತಿದ್ರು. ನಮ್ಮಣ್ಣ ಸ್ವಂತ ಮಗ, ಅವಗ ದಿನಾ ಹಗ್ಗ. ಎಲ್ಲಾ ಮಗ್ಗಿ ಬಂದ್ವು ಅವಗ. ಈಗೂ ಯಾರರ ಕಾಗದ ಕೈಯಾಗ ಕೊಟ್ರ ಅಂಗೈ ಬೆವರ್ತಾವ. ನಾ ಹೆಣ್ಣುಹುಡುಗಿ ಅಂತ ನನ್ನ ಸಾಲ್ಯಾಗ ಕೂಡಸಲಿಲ್ಲ. ಮೂಲ್ಯಾಗ ಕಲ್ಲಾಡಕೋತ ಕೂಡ್ತಿದ್ದೆ. ಕೇಳಿ ಕೇಳಿ ಓದು ತಾನ ಬಂತು. ಕೇಳವಾ, ಆಟದಾಗ ಓದು ಬಂತು ಅಂತ ನಾ ಹೇಳಾಕತ್ತಿಲ್ಲ. ಬರದಿದ್ರೂ ನಾ ಆಡತಿದ್ದೆ."

"ಅದೆಲ್ಲಾ ಖರೆ. ಶುಕ್ರವಾರಕ್ಕ ಏನು ಮಾಡ್ತೀರಿ?"

"ದಿನಾ ಮಾಡೋದು ಮಾಡ್ತೀವಿ."

ಅವ್ವನಿಗೆ ಸಿಟ್ಟು ಬಂತು. ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಎರಡೊಂದ್ಲ ಎರಡು ಎಂದು ತಾನೇ ಕಲಿಸಲು ನೋಡಿದಳು. ಎರಡು ಮೂರ್ಲಕ್ಕೆ ಬರುವಷ್ಟರಲ್ಲಿ ಅವಳಿಗೇ ಮುಂದಿನದು ಗೊತ್ತಿರಲಿಲ್ಲ.

ಶುಕ್ರವಾರ ಬಂತು. ಹಿರಿಯರು ಬಂದದ್ದು ಜಿನ್ನಿನ ಊಟದ ಬಿಡುವಿನ ಹೊತ್ತಿಗೆ. ತಾಯಂದಿರೆಲ್ಲ ರೊಟ್ಟಿ ಗಂಟು ಬಿಚ್ಚದೆ ಬಂದು ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ನಾಲ್ಕು ಮಂದಿ ಎಂದಿದ್ದರು, ಸಾವ್ಕಾರರ ಜೊತೆ ಬಂದವರು ಒಬ್ಬರೇ, ಅವರ ಸ್ನೇಹಿತರಾದ ವಕೀಲ ಸಾಹೇಬರು. ವಕೀಲ ಸಾಹೇಬರದು ಕೆಂಪು ರೂಮಿ ಟೋಪಿ, ಉದ್ದನೆಯ ಶೇರವಾನಿ. ಸಾವ್ಕಾರರು ಸೀದಾ ನಡುಮಧ್ಯಕ್ಕೆ ಬಂದು ನಿಂತು ಗಂಟಲು ಸರಿಮಾಡಿಕೊಂಡರು.

"ಸಾವ್ಕಾರ್ರ, ನೀವು ಹೊಳ್ಯಾಗ ನಿಂತೀರಿ" ಅಂದೆ ನಾನು.

ನನ್ನದು ಧೈರ್ಯವಲ್ಲ. ಅವರು ನಿಜವಾಗಿಯೂ ಹೊಳೆಯಲ್ಲಿ ನಿಂತಿದ್ದರು, ಹೇಳದೆ ಇರುವುದು ಹೇಗೆ? ಸಾವ್ಕಾರರು ಕೆಳಗೆ ನೋಡಿದರು. ಎರಡು ಸುಣ್ಣದ ಗೆರೆ ಕಂಡವು. ಅವರು ಕದಲಲಿಲ್ಲ. ಅವರ ಹಿಂದೆ ಬರುತ್ತಿದ್ದ ವಕೀಲ ಸಾಹೇಬರು ಗೆರೆಯ ಈಚೆಗೇ ನಿಂತು, "ನೀರು ಎಷ್ಟದ ಬೇಟಿ?" ಎಂದು ಕೇಳಿದರು.

"ಎದಿಮಟ ಅದಾವ್ರಿ."

ಅವರು ಶೇರವಾನಿಯನ್ನು ಎರಡೂ ಕೈಯಿಂದ ಮೊಣಕಾಲಿನ ಮೇಲಕ್ಕೆತ್ತಿ ನಮ್ಮ ಬುಟ್ಟಿಯೊಳಗೆ ನಿಂತರು. ಮೌನೇಶ ಅವರನ್ನು ಆಚೆ ದಂಡೆಗೆ ದಾಟಿಸಿದ. ದಾಟಿ ಶೇರವಾನಿ ಕೊಡವಿಕೊಂಡರು. ಬಾಗಿಲಲ್ಲಿ ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಹಿಡಿದರು. ಸಾವ್ಕಾರರು ಮುಳುಗಿದ್ದರು, ಆದರೆ ಅವರನ್ನು ಎಳೆಯಲು ಯಾರಿಗೂ ಧೈರ್ಯ ಸಾಲಲಿಲ್ಲ.

"ಮಗ್ಗಿ ಹೇಳ್ರಿ" ಅಂದರು ಸಾವ್ಕಾರರು.

ನಾವು ಅಕ್ಕೋರ ಮುಖ ನೋಡಿದೆವು. "ಕಲಿಸಿಲ್ರಿ" ಅಂದರು ಅಕ್ಕೋರು.

ವಕೀಲ ಸಾಹೇಬರು ಒಳ್ಳೆಯವರು. ಒಳ್ಳೆಯ ವಕೀಲರು ಮಾಡುವುದನ್ನೇ ಮಾಡಿದರು, ಕಕ್ಷಿದಾರರ ಬಾಯಿಗೆ ಬದುಕುವ ಉತ್ತರವನ್ನು ತಂದಿಟ್ಟರು. ಮೂಲೆಯಲ್ಲಿದ್ದ ಕಲ್ಲಾಟದ ಹರಳುಗಳನ್ನು ತೋರಿಸಿ, "ರಾಚಮ್ಮ ಬಾಯಿ, ಈ ಕಲ್ಲಿನ್ಯಾಗ ಹುಡುಗ್ರಿಗೆ ಲೆಕ್ಕ ಬರ್ತದ, ಹೌದಲ್ಲ? ಆಡ್ತಾ ಆಡ್ತಾ ಗಿನತಿ ಕಲಿಸಾಕತ್ತೀರಿ ನೀವು. ಹಂಗ ಹೇಳ್ರಲ್ಲ ಸಾವ್ಕಾರ್ರಿಗೆ" ಅಂದರು. ಹೌದು ಎಂಬ ಒಂದು ಮಾತು ಸಾಕಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಬಾಗಿಲಲ್ಲಿ ನಿಂತ ಅವ್ವ ಹೌದೆನ್ನಿ ಎಂಬಂತೆ ತಲೆ ಅಲ್ಲಾಡಿಸುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ.

ಅಕ್ಕೋರು ಹೌದು ಎನ್ನಲಿಲ್ಲ.

"ಬರ್ತದೋ ಇಲ್ಲೋ ನಾ ನೋಡಿಲ್ರಿ ಸಾಹೇಬ್ರ. ನೋಡಾಕ ಅಲ್ಲ ನಾ ಆಡಸೋದು. ಇವು ಯಾರ ಮಕ್ಕಳಂತ ನಿಮಗೂ ಗೊತ್ತದ. ಇನ್ನ ಎರಡು ಮೂರು ವರ್ಷಕ್ಕ ಒಂದು ಕುರಿ ಹಿಂದ ಹೋಗ್ತದ, ಒಂದು ತಮ್ಮನ ಎತ್ಕೋತದ, ಒಂದು ಅವ್ವನ ಕೂಡ ಹತ್ತಿ ಆರಸ್ತದ. ಅಲ್ಲಿಂದ ಸಾಯೋತನಕ ಇವು ಮಾಡೋದೆಲ್ಲಾ ಒಬ್ಬರ ಉಪಯೋಗಕ್ಕ. ಉಪಯೋಗಿಲ್ಲದ್ದು ಅಂತ ಇವಕ್ಕ ಇರೋದು ಈ ಆಟ ಒಂದ. ಇದನ್ನೂ ಕೂಲಿಗೆ ಹಚ್ಚಲೇನ್ರಿ?"

ವಕೀಲ ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು. ಸಾವ್ಕಾರರು ಕೊನೆಯ ಪ್ರಯತ್ನವೆಂಬಂತೆ ನನ್ನ ಕಡೆ ತಿರುಗಿದರು. "ಬಾಯಿ ಜೋರದ ನಿಂದು. ಹೇಳು, ಇಲ್ಲಿ ಬಂದು ಏನು ಕಲ್ತಿ?"

"ಏನಿಲ್ರಿ" ಅಂದೆ.

ಆ ಉತ್ತರಕ್ಕಾಗಿ ನಾನು ಪಶ್ಚಾತ್ತಾಪ ಪಡುತ್ತೇನೆಂದು ನೀವು ಕಾಯುತ್ತಿದ್ದರೆ ಎದ್ದು ಹೋಗಿ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆಟದಿಂದ ಮುಂದೆ ದೊಡ್ಡ ಮನುಷ್ಯರಾದವರ ಕತೆಗಳನ್ನು ನಾನೂ ಓದಿದ್ದೇನೆ. ನಾನು ಅಂಥದೇನೂ ಆಗಲಿಲ್ಲ. ಲೆಕ್ಕ ನನಗೆ ಇವತ್ತಿಗೂ ಬೆರಳಿನ ಮೇಲೆಯೇ. ಮೌನೇಶ ದೊಡ್ಡವನಾಗಿ ಹಮಾಲಿ ಮಾಡಿದ, ಚೆನ್ನಾಗಿಯೇ ಮಾಡಿದ. ಆ ಗೋದಾಮಿನಲ್ಲಿ ನಾವು ಮುಂದಿನದಕ್ಕೆ ತಯಾರಾಗುತ್ತಿರಲಿಲ್ಲ. ನಮಗೆ ಐದು ವರ್ಷವಾಗಿತ್ತು, ನಾವು ಐದು ವರ್ಷದವರಾಗಿದ್ದೆವು. ಅಷ್ಟಕ್ಕೂ ಕಾರಣ ಕೊಡಬೇಕೆಂದರೆ ನಾನು ಕೊಡುವುದಿಲ್ಲ.

ಸಾವ್ಕಾರರು ಕೋಣೆಯ ಕೀಲಿ ಕೇಳಿದರು. ಅಕ್ಕೋರು ಸೊಂಟದಿಂದ ಬಿಚ್ಚಿ ಕೊಟ್ಟರು. ಬಿಡುವು ಮುಗಿದು ಜಿನ್ನಿನ ಭೋಂಗಾ ಕೂಗಿತು. ಆದರೆ ತಾಯಂದಿರು ಕೂಡಲೇ ಹೋಗಲಿಲ್ಲ. ಅಕ್ಕೋರು ಒಳಗೆ ಹೋಗಿ ಎರಡು ಸೀರೆ, ಒಂದು ತಂಬಿಗೆ, ಒಂದು ಕೌದಿ ಗಂಟು ಕಟ್ಟಿಕೊಂಡು ಹೊರಗೆ ಬಂದು ಮಾನ್ವಿಯ ದಾರಿ ಹಿಡಿದರು. ನಾವು ಮಕ್ಕಳು ಅವರ ಹಿಂದೆ ಹೊರಟೆವು. ಅವರು ತಿರುಗಿ ನೋಡಲಿಲ್ಲ. ಅಳುತ್ತಿದ್ದರೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಓಣಿಯ ತಿರುವಿನಲ್ಲಿ ಅವ್ವ ಓಡಿಬಂದು ಅವರ ಮುಂದೆ ನಿಂತಳು.

"ಎಲ್ಲಿಗೆ ಹೊಂಟೀರಿ?"

"ಎಲ್ಲಿಗಂದ್ರ, ಮಾನ್ವಿಗೆ. ಹೊಸಾ ಮಾಸ್ತರ ಬರ್ತಾನವಾ. ಓದು ಕಲಸ್ತಾನ. ನಿನಗ ಅದ ಬೇಕಿತ್ತಲ್ಲ."

"ಬೇಕಿತ್ತು. ಈಗೂ ಬೇಕು. ಏಳು ತುಂಬಲಿ, ನಾನ ಒಯ್ದು ಹಾಕ್ತೀನಿ ಸಾಲಿಗೆ" ಅಂದಳು ಅವ್ವ. "ಏಳರತನಕ ಏನು ಮಾಡ್ಲಿ ನಾ?" ಎಂದವಳೇ ಅಕ್ಕೋರ ಕೈಯಿಂದ ಗಂಟನ್ನು ಕಿತ್ತುಕೊಂಡು, ತನ್ನ ಬಗಲಲ್ಲಿಟ್ಟುಕೊಂಡು ನಮ್ಮ ಮನೆಯ ಕಡೆ ನಡೆದಳು. ಗಂಟು ಹೋದ ಕಡೆ ಅಕ್ಕೋರೂ ಹೋಗಬೇಕಾಯಿತು. ನಮ್ಮದು ಒಂದೇ ಅಂಕಣದ ಮನೆ, ಆದರೆ ಮುಂದೆ ಬೇವಿನ ಮರದ ನೆರಳು ದೊಡ್ಡದಿತ್ತು. ನಾವು ಮನೆ ಮುಟ್ಟುವಷ್ಟರಲ್ಲಿ ಉಳಿದ ಹೆಣ್ಣುಮಕ್ಕಳೂ ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಅಲ್ಲಿಗೇ ಬಂದರು. ಜಿನ್ನು ಎರಡನೇ ಸಲ ಕೂಗಿತು. ಯಾರೂ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಸಾವ್ಕಾರರ ಟಾಂಗಾ ಬಂದು ನಮ್ಮ ಮನೆಯ ಮುಂದೆ ನಿಂತಿತು. ಮಳೆ ಹಿಡಿಯುವ ಮೊದಲು ಹತ್ತಿ ಮುಗಿಯಬೇಕು, ಯಂತ್ರ ಖಾಲಿ ತಿರುಗುತ್ತಿದೆ. ಅವರು ಟಾಂಗಾದಿಂದ ಇಳಿಯಲಿಲ್ಲ.

"ಕೂಸು ಗೋದಾಮಿಗೆ ಕಳಸಲಾರದಾಕಿ ಜಿನ್ನಿಗೂ ಬರೋದು ಬ್ಯಾಡ" ಅಂದರು.

ಎಲ್ಲರೂ ಅವ್ವನ ಕಡೆ ನೋಡಿದರು. ಅಪ್ಪನ ಹಮಾಲಿ ಒಂದರಿಂದ ಮನೆ ನಡೆಯುತ್ತಿರಲಿಲ್ಲ. ಜಿನ್ನು ಬಿಟ್ಟರೆ ನಮಗೆ ಊರಿಗೆ ವಾಪಸು ಹೋಗುವ ದಾರಿ ಒಂದೇ, ಅಲ್ಲಿ ಕುರಿಯೂ ಈಗ ನಮ್ಮದಲ್ಲ. ಅವ್ವ ಎದ್ದು ಟಾಂಗಾದ ಹತ್ತಿರ ಹೋದಳು.

"ಸಾವ್ಕಾರ್ರ, ಹೊತ್ತು ಹುಟ್ಟಿ ಹೊತ್ತು ಮುಣಗೋತನಕ ನನ್ನ ಕೈ ನಿಮ್ದದ. ಕಣ್ಣಾಗ ಹತ್ತಿ ಬಿದ್ರೂ ಒರಸ್ಕೊಳ್ಳಲಾರದ ಆರಿಸೀನಿ. ಬರಬ್ಯಾಡ ಅಂದ್ರ ಬರೂದಿಲ್ಲ. ಆದ್ರ ಈ ಹುಡುಗಿ ಆಟ ನಿಮ್ದಲ್ರಿ. ಅದನ್ನ ನಾ ನಿಮಗ ಮಾರಿಲ್ಲ."

ಸಾವ್ಕಾರರು ಅವ್ವನನ್ನೂ, ಅವಳ ಹಿಂದೆ ಕೂಸು ಎತ್ತಿಕೊಂಡು ಎದ್ದು ನಿಂತವರನ್ನೂ ನೋಡಿದರು. ಟಾಂಗಾ ತಿರುಗಿಸಲು ಹೇಳಿದರು. ಕೂಸುಗಳ ಮಾತೆತ್ತದೆ, ನಾಳೆ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಲೆಕ್ಕ ಬರೆಯುವ ಮುನೀಮನ ಕೈಲಿ ಹೇಳಿಕಳಿಸಿದ್ದು ಸಂಜೆಗೆ.

ಅವ್ವನಿಗೆ ಆಗ ಅದು ಗೊತ್ತಿರಲಿಲ್ಲ. ಟಾಂಗಾ ಮರೆಯಾದ ಮೇಲೆ ಅವಳು ಬಂದು ಹೊಸ್ತಿಲ ಮೇಲೆ ಕುಸಿದು ಕೂತಳು. ನಾನು ಹೆದರಿ ಅವಳ ಮಗ್ಗುಲಿಗೆ ಹೋಗಿ ನಿಂತೆ. ಅಲ್ಲಿಯವರೆಗೆ ಅವ್ವ ನನಗೆ ಹೋಗು ಎಂದಾಗಲೆಲ್ಲ ನೀರು ತರಲು, ಕುಳ್ಳು ಆರಿಸಲು, ಕಸ ಹೊಡೆಯಲು ಹೋಗು ಎಂದೇ ಹೇಳಿದ್ದಳು. ನನ್ನ ಬೆನ್ನ ಮೇಲೆ ಕೈ ಇಟ್ಟು ಮೆಲ್ಲಗೆ ದಬ್ಬಿದಳು.

"ಇಲ್ಲೇನು ನೋಡಾಕತ್ತಿ? ಹೋಗು, ಆಡ್ಹೋಗು" ಅಂದಳು.

ನಾನು ಹೋದೆ. ಕತ್ತಲಾಗುವವರೆಗೆ ಆಡಿದೆ. ಏನು ಕಲಿತೆ ಎಂದು ಯಾರೂ ಕೇಳಲಿಲ್ಲ.